ಬೀಳುವುದನ್ನು ಕಲಿತವಳು

ಮಾಲೂರು
ಬುಧವಾರ, 12 ನವೆಂಬರ್ 2025

ಅಮ್ಮನಿಗೆ ನಿನ್ನ ಶೋಭಾ ಮಾಡುವ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದೇ ಮುಂದಿನ ಸಾಲಿಗೆ ಹೋಗುವುದು ನನ್ನ ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು, ಉಮೇಶನ ಕೈಗೆ ಕೊಡಬೇಡ. ತಮ್ಮ ಓದಿದರೆ ಇವರಿಗೆ ಫೋನ್ ಮಾಡಿ ಕೂಗಾಡುತ್ತಾನೆ, ಆಮೇಲೆ ಅನುಭವಿಸುವವಳು ನಾನು. ನಿನಗೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇವರು ಕೆಲಸದಿಂದ ಬಂದ ಕೂಡಲೇ ನನ್ನ ಫೋನ್ ತೆಗೆದು, ಯಾರ ಜೊತೆ ಎಷ್ಟು ಹೊತ್ತು ಮಾತಾಡಿದೆ ಎಂದು ನೋಡುತ್ತಾರೆ. ಈಗಲೂ ಬೀದಿಯಲ್ಲಿ ಬೈಕಿನ ಸದ್ದಾದರೆ ಕಾಗದವನ್ನು ಸೆರಗಿನಡಿ ಮುಚ್ಚಿಕೊಂಡು ಕೂರುತ್ತಿದ್ದೇನೆ.

ವಿಷಯ ಶಿವಾನಿಯದು. ನಿನ್ನ ಮೊಮ್ಮಗಳು ಜೂನ್‌ನಿಂದ ಶಾಲೆಯಲ್ಲಿ ಜೂಡೋ ಕಲಿಯುತ್ತಿದ್ದಾಳೆ. ಮೊದಲ ಒಂದು ತಿಂಗಳು ಬರೀ ಬೀಳುವುದನ್ನೇ ಹೇಳಿಕೊಟ್ಟರು. ನಡುಮನೆಯಲ್ಲಿ ಹಾಸಿಗೆ ಹಾಸಿ, ಗದ್ದ ಎದೆಗೊತ್ತಿಕೊಂಡು, ದಬ್ ಎಂದು ಬಿದ್ದು ಅಂಗೈಯಿಂದ ನೆಲ ಬಡಿಯುತ್ತಿದ್ದಳು. ಬೀಳೋದಕ್ಕೂ ಒಬ್ಬರು ಮೇಡಂ ಬೇಕೇನೇ ಎಂದು ರೇಗಿಸಿದ್ದೆ. ಆದರೆ ಮಗು ಬದಲಾಯಿತಮ್ಮ. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿ ಮೂಲೆ ಸೇರುತ್ತಿದ್ದವಳು ಈಗ ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಾಳೆ. ಎರಡು ಮುದ್ದೆ ತಿನ್ನುತ್ತಾಳೆ. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳುತ್ತಾಳಂತೆ. ನನಗೆಷ್ಟು ಸಂತೋಷವಾಗಿತ್ತು ಗೊತ್ತಾ.

ಕಳೆದ ಭಾನುವಾರ ನನ್ನ ಕಣ್ಣಿನ ಕೆಳಗೆ ಕಪ್ಪಗಾಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದೆ. ಶಿವಾನಿ ಅಳಲಿಲ್ಲ. ನನ್ನ ಎರಡೂ ಅಂಗೈ ತಿರುಗಿಸಿ ನೋಡಿದಳು, ಮೊಣಕೈ ಮುಟ್ಟಿ ನೋಡಿದಳು. ‘ಬಿದ್ದೋರು ಮೊದ್ಲು ಕೈ ಊರ್ತಾರಮ್ಮ, ಅಂಗೈ ತರಚ್ಬೇಕು. ನಿಂಗೆ ಒಂದು ಗೀರೂ ಇಲ್ಲ. ಬರೀ ಕಣ್ಣಿನ ಕೆಳಗೆ ಹೆಂಗ್ ಬಿದ್ದೆ?’ ಎಂದಳು. ನಾನು ಅಂಗೈ ಹಿಂದಕ್ಕೆ ಎಳೆದುಕೊಂಡೆ. ‘ಇನ್ನೊಂದ್ಸಲ ಅಪ್ಪ ಕೈ ಎತ್ತಿದ್ರೆ ನಾನು ಮಧ್ಯ ನಿಂತ್ಕೋತೀನಿ’ ಎಂದಳು.

ಅಂದಿನಿಂದ ಭಯಕ್ಕೆ ಅನ್ನ ಸೇರುತ್ತಿಲ್ಲ. ಅವಳಿಗಿನ್ನೂ ಹದಿನಾಲ್ಕು ವರ್ಷ. ಅವಳು ಖಂಡಿತ ನಿಲ್ಲುತ್ತಾಳೆ, ಇವರು ಖಂಡಿತ ಬಿಡುವುದಿಲ್ಲ. ನಿನ್ನೆ ಟಿವಿ ರಿಮೋಟ್ ಸಿಗಲಿಲ್ಲವೆಂದು ಇವರು ನನ್ನ ಮೇಲೆ ದನಿ ಎತ್ತಿದಾಗ ಶಿವಾನಿ ಓದುತ್ತಿದ್ದ ಪುಸ್ತಕ ಮುಚ್ಚಿ ನನ್ನ ಪಕ್ಕಕ್ಕೆ ಬಂದು ನಿಂತಳು. ಇವರು ಅವಳನ್ನೇ ನೋಡಿದರು. ಆ ನೋಟ ನನಗೆ ಗೊತ್ತಮ್ಮ, ಇಲ್ಲಿಯವರೆಗೆ ಅದು ನನಗೊಬ್ಬಳಿಗೇ ಇತ್ತು.

ಜೂಡೋ ಬಿಟ್ಟುಬಿಡು ಎಂದು ಅವಳಿಗೆ ಹೇಳು, ಅಜ್ಜಿಯ ಮಾತಾದರೆ ಕೇಳುತ್ತಾಳೆ ಎಂದು ಬರೆಯಲೆಂದೇ ಈ ಕಾಗದ ತೆಗೆದುಕೊಂಡೆ. ಬರೆದೂ ಇದ್ದೆ. ಹಾಳೆಯ ಮೇಲ್ಗಡೆ ಹೊಡೆದುಹಾಕಿರುವುದು ಅದೇ ಸಾಲು. ಕಲಿತದ್ದನ್ನು ಬಿಡಿಸಿ ಅವಳನ್ನು ಇದೇ ಮನೆಯಲ್ಲಿ ಇಟ್ಟುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಬರುವ ಸೋಮವಾರ ಇವರಿಗೆ ಸೆಕೆಂಡ್ ಶಿಫ್ಟ್. ಒಂದು ಗಂಟೆಗೆ ಇವರು ಹೊರಟ ಮೇಲೆ ಶಿವಾನಿಯನ್ನು ಶಾಲೆಯಿಂದ ಕರೆದುಕೊಂಡು ಕೋಲಾರದ ಬಸ್ಸು ಹತ್ತುತ್ತೇನೆ. ಸಂಜೆಗೆ ಹುತ್ತೂರಿನಲ್ಲಿ ನಿನ್ನ ಮನೆಯಲ್ಲಿರುತ್ತೇವೆ. ರೇಷ್ಮೆ ಹುಳು ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದು, ಹಗಲೂ ರಾತ್ರಿ ಸೊಪ್ಪು ಕೇಳುತ್ತಾ, ನಿನಗೆ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತು, ಗೊತ್ತು. ಸೊಪ್ಪು ಹಾಕಲು ನಾವಿಬ್ಬರೂ ಇರುತ್ತೇವೆ. ಬೇಡ ಎನ್ನಬೇಡಮ್ಮ.

ಭಯದಲ್ಲೇ ಹೊರಟಿರುವ ನಿನ್ನ ಮಗಳು,
ಶೋಭಾರಾಣಿ

ಮತ್ತೊಂದು ಮಾತು: ನಾನು ಐದನೇ ಕ್ಲಾಸಿನಲ್ಲಿದ್ದಾಗ ನೀನು ಹುಳುಮನೆಯ ಏಣಿಯಿಂದ ಬಿದ್ದೆ ಎಂದು ಹೇಳಿ ಹದಿನೈದು ದಿನ ಸೆರಗು ಮುಖಕ್ಕೆ ಎಳೆದುಕೊಂಡು ಓಡಾಡಿದೆ. ಅಪ್ಪ ಇರುವವರೆಗೂ ಯಾರೂ ಏನೂ ಕೇಳಲಿಲ್ಲ. ಬಿದ್ದೆ ಎಂದ ದಿನವೇ ನೀನು ನನಗೆ ಮುದ್ದೆ ಮುರಿದು ಬಾಯಿಗಿಟ್ಟಿದ್ದೆ. ನಿನ್ನ ಅಂಗೈ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ ಅಮ್ಮ. ಅದರಲ್ಲಿ ಒಂದು ಗೀರೂ ಇರಲಿಲ್ಲ.