ಮಾರ್ಗರೀನ್ ಡಬ್ಬಿಯಲ್ಲಿ ಬಚ್ಚಿಟ್ಟದ್ದು ಯಾರು?

ಮಾನ್ಯ ಗಡಿ ತಪಾಸಣಾಧಿಕಾರಿಗಳೇ,

ನನ್ನ ಅಜ್ಜಿ ಫೆರ್ನಾಂದ್ ಅವರ ಹೆಸರಿನ ಮುಂದೆ ‘ಆಹಾರವನ್ನು ಉದ್ದೇಶಪೂರ್ವಕವಾಗಿ ಬಚ್ಚಿಟ್ಟವರು’ ಎಂದು ನಿಮ್ಮ ಕಚೇರಿ ಬರೆದುಕೊಂಡಿದೆ. ಬಚ್ಚಿಟ್ಟ ಜಾಗ, ಬೆಣ್ಣೆಯ ಬದಲು ಬ್ರೆಡ್ಡಿಗೆ ಸವರುವ ಮಾರ್ಗರೀನಿನ ಡಬ್ಬಿ. ಇಷ್ಟು ದೊಡ್ಡ ಪಿತೂರಿಗೆ ಅಷ್ಟು ಚಿಕ್ಕ ಡಬ್ಬಿ ಸಾಕಾಯಿತೇ ಎಂದು ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ನನಗಂತೂ ಈಗ ಎಲ್ಲದರ ಮೇಲೂ ಅನುಮಾನ. ಈ ಪತ್ರವನ್ನೂ ನಮ್ಮ ವಿರುದ್ಧದ ಸಾಕ್ಷಿಯೆಂದು ಫೈಲಿಗೆ ಸೇರಿಸುತ್ತೀರೇನೋ ಎಂದು ಮೂರು ಸಲ ಹರಿದು ಮತ್ತೆ ಬರೆದಿದ್ದೇನೆ.

ಅಜ್ಜಿ ಪ್ರತಿ ಅಕ್ಟೋಬರಿನಲ್ಲಿ ಕ್ವಿಬೆಕ್‌ನಿಂದ ಗಡಿಯಾಚೆ ಮೇಯ್ನ್‌ನಲ್ಲಿರುವ ತಂಗಿ ಸಿಮೋನ್ ಮನೆಗೆ ಹೋಗುತ್ತಾರೆ. ಸೊಂಟ ಮುರಿದ ಮೇಲೆ ಸಿಮೋನ್‌ಗೆ ಈಚೆ ಬರಲಾಗದು. ಬೇರೆಯವರ ಹಾಸಿಗೆಯಲ್ಲಿ ಅಜ್ಜಿಗೆ ನಿದ್ದೆ ಬಾರದು. ಹಾಗಾಗಿ ಒಲೆ, ಫ್ರಿಜ್, ಮಂಚ ಎಲ್ಲ ಇರುವ ಮನೆಗಾಡಿಯನ್ನು ತಾವೇ ಓಡಿಸಿಕೊಂಡು ಹೋಗಿ ತಂಗಿಯ ಅಂಗಳದಲ್ಲಿ ನಿಲ್ಲಿಸುತ್ತಾರೆ. ಈ ಸಲ ಜೊತೆಗೆ ನಾನೂ ಹೊರಟಿದ್ದೆ. ಕಾರಿನಲ್ಲಿ ಬಂದವರನ್ನು ‘ತಿನ್ನುವುದೇನಿದೆ?’ ಎಂದು ಕೇಳಿದರೆ ಚೀಲ ನೋಡಿ ಹೇಳಿಯಾರು. ಅಡುಗೆಮನೆಯನ್ನೇ ಓಡಿಸಿಕೊಂಡು ಬಂದವರು ಎಲ್ಲಿಂದ ಶುರು ಮಾಡಬೇಕು, ಅರ್ಧ ಹೆಚ್ಚಿಟ್ಟ ಈರುಳ್ಳಿಯಿಂದಲೇ? ನಮ್ಮ ಮುಂದೆ ದೋಣಿ ಎಳೆದುಕೊಂಡು ಹೋದವನನ್ನು ಕೈಬೀಸಿ ಬಿಟ್ಟಿರಿ. ಆ ದೋಣಿಯ ಟಾರ್ಪಾಲಿನಡಿ ಏನಿತ್ತೋ, ನೀವು ನೋಡಲಿಲ್ಲ.

ನಿಮ್ಮ ಸಿಬ್ಬಂದಿ ಕಿಟಕಿಗೆ ಬಗ್ಗಿ, “ಮಾಂಸ, ಹಣ್ಣು, ತರಕಾರಿ ಏನಾದ್ರೂ ಇದ್ಯಾ?” ಎಂದರು.

ಅಜ್ಜಿಗೆ ಇಂಗ್ಲಿಷ್ ಬಾರದು. “ನೀನೇ ಮಾತಾಡೇ, ನಿಮ್ಮಪ್ಪನ ಭಾಷೆ,” ಎಂದು ನನ್ನನ್ನು ತಿವಿದರು.

“ಏನಿಲ್ಲ ಸರ್,” ಎಂದೆ.

ಅವರು ಒಳಗೆ ಬಂದು ಫ್ರಿಜ್ ತೆರೆದರು. “ಇದೇನಮ್ಮ?”

“ಮಾರ್ಗರೀನ್ ಸರ್.”

ಮುಚ್ಚಳ ತೆಗೆದರೆ ಬಟಾಣಿ ಸೂಪು, ಹಂದಿಮಾಂಸದ ತುಂಡು ತೇಲುತ್ತಿತ್ತು. ಇನ್ನೊಂದರಲ್ಲಿ ಬ್ರೆಡ್ಡಿಗೆ ಸವರುವ ಅರೆದ ಹಂದಿಮಾಂಸ. ಮತ್ತೊಂದರಲ್ಲೂ ಅದೇ.

“ಒಂಬತ್ತು ಡಬ್ಬಿ ಆಯ್ತು. ಮಾರ್ಗರೀನ್ ಎಲ್ಲಮ್ಮ?”

“ಹತ್ತನೇದ್ರಲ್ಲಿ ಇರಬೋದು ಸರ್.”

ಹತ್ತನೆಯದರಲ್ಲಿ ಅಂಗಿಯ ಗುಂಡಿಗಳಿದ್ದವು.

“ಹಸಿದಿದ್ದಾನೇನೇ ಪಾಪ?” ಎಂದರು ಅಜ್ಜಿ. “ಕೂತ್ಕೊಳೋಕೆ ಹೇಳು, ಬಿಸಿ ಮಾಡ್ಕೊಡ್ತೀನಿ.”

ಮಾನ್ಯರೇ, ನಮ್ಮ ಕಡೆ ಮಾರ್ಗರೀನ್ ಮುಗಿದ ಮೇಲೂ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ. ನಿಜವಾದ ಮಾರ್ಗರೀನ್ ಬೇಕೆಂದರೆ ಮನೆಯವರೇ ನಾಲ್ಕು ಮುಚ್ಚಳ ತೆರೆಯಬೇಕು. ನಿಮ್ಮ ತಾಯಿಯ ಫ್ರಿಜ್ಜಿನಲ್ಲಿ ಇಂಥ ಡಬ್ಬಿ ಒಂದೂ ಇಲ್ಲವೇ? ಇನ್ನೊಂದು ಸಂಶಯ: ಸೂಪನ್ನು ಅಲ್ಲೇ ಕಸಕ್ಕೆ ಸುರಿದಿರಿ, ಆದರೆ ಅರೆದ ಮಾಂಸದ ಡಬ್ಬಿಗಳು ಒಳಕೋಣೆಗೆ ಹೋದವು. ಪರೀಕ್ಷೆಗೇ ಇರಬಹುದು. ಬ್ರೆಡ್ ಜೊತೆಗೋ, ಬರಿದೇ ಪರೀಕ್ಷಿಸಿದರೋ ತಿಳಿಸಿ.

ನಿಮ್ಮನ್ನೇ ಅನುಮಾನಿಸುತ್ತ ಕೂರುವುದು ನನಗೆ ಸುಲಭ. ಆದರೆ ‘ಏನಿಲ್ಲ’ ಎಂದದ್ದು ಅಜ್ಜಿಯಲ್ಲ, ನಾನು. ಏಳು ವರ್ಷ ಹಾಸ್ಟೆಲಿನಲ್ಲಿ ಓದಿದವಳು. ಪೆಟ್ಟಿಗೆಯಲ್ಲಿ ತಿಂಡಿ ಇದೆಯೇ ಎಂದು ವಾರ್ಡನ್ ಕೇಳಿ ಮುಗಿಸುವ ಮೊದಲೇ ‘ಏನಿಲ್ಲ ಮೇಡಂ’ ಎಂದು ಬಾಯಿ ತಾನಾಗಿ ಹೇಳಿಬಿಡುತ್ತಿತ್ತು. ಸಮವಸ್ತ್ರ ಕಂಡರೆ ಈಗಲೂ ಹಾಗೆಯೇ. ಆದರೆ ಗಾಡಿ ಅಜ್ಜಿಯದೆಂದು ಸುಳ್ಳನ್ನೂ ಅವರ ಹೆಸರಿಗೇ ಬರೆದಿರಿ. ನಾನು ಪಕ್ಕದಲ್ಲಿ ನಿಂತು ಸುಮ್ಮನಿದ್ದೆ.

ಅಷ್ಟೇ ಅಲ್ಲ. “ಏನಂತೆ?” ಎಂದು ಅಜ್ಜಿ ಕೇಳಿದಾಗ, “ಡಬ್ಬಿಗಳೇ ತಪ್ಪಂತೆ ಅಜ್ಜಿ,” ಎಂದೆ. ಅವರು ನಂಬಿದರು. ಊರಿಗೆ ಬಂದು ಡಬ್ಬಿಗಳನ್ನೆಲ್ಲ ಎಸೆದರು. ಇನ್ನು ಪ್ರತಿ ಸಲವೂ ಗಾಡಿ ಬಿಚ್ಚಿ ನೋಡುತ್ತೇವೆಂದು ನಿಮ್ಮ ಕಾಗದ ಬಂದ ಮೇಲೆ ಸಿಮೋನ್‌ಗೆ ಫೋನು ಮಾಡಿ, “ಕಳ್ಳಿ ಅನ್ನಿಸ್ಕೊಂಡು ಬರಲ್ಲ ಕಣೇ, ನನ್ನ ಕಾಯ್ಬೇಡ,” ಎಂದರು. ಇಬ್ಬರಿಗೂ ಎಪ್ಪತ್ತು ದಾಟಿದೆ.

ಆದ್ದರಿಂದ ನನ್ನ ಒತ್ತಾಯ ಇದು. ಆ ಸಾಲಿನಿಂದ ಅಜ್ಜಿಯ ಹೆಸರು ಹೊಡೆದು ನನ್ನದನ್ನು ಬರೆಯಿರಿ. ಸುಳ್ಳು ಹೇಳಿದವಳು ಮೊಮ್ಮಗಳು ಎಂದು ಸ್ಪಷ್ಟವಾಗಿ, ಫ್ರೆಂಚಿನಲ್ಲಿ, ದಪ್ಪ ಅಕ್ಷರದಲ್ಲಿ ಅಜ್ಜಿಯ ವಿಳಾಸಕ್ಕೆ ಕಳುಹಿಸಿ. ಈ ಪತ್ರವನ್ನು ಇಂಗ್ಲಿಷ್ ಪತ್ರಿಕೆಗೆ ಕೊಟ್ಟಿದ್ದೇನೆ. ಅಜ್ಜಿ ಅದನ್ನು ಓದುವುದಿಲ್ಲ. ಎದುರು ನಿಂತು ಹೇಳಲು ನಾಲ್ಕು ಭಾನುವಾರ ಹೋದೆ. ನಾಲ್ಕು ಸಲವೂ ಊಟ ಮಾಡಿ ಬಂದೆ.

ಇಂತಿ, ನಿಮ್ಮ ಉತ್ತರ ಬೇಗ ಬರಲೆಂದೂ ಬಾರದಿರಲೆಂದೂ ಬೇಡುತ್ತಿರುವ,
ಎಲೋಡಿ, ಕಾಲೇಜು ಪ್ರಥಮ ವರ್ಷ