ಕೋವಿಗಳಿಗೆ ಇಟ್ಟ ಕುಂಕುಮ

ಯತಿರಾಜ್ ಸರ್‌ಗೆ ದೇಜಪ್ಪನ ನಮಸ್ಕಾರ.

ನನ್ನ ಫೋನು ನಮ್ಮ ಅರಬ ಧಣಿಯವರ ಕೈಯಲ್ಲಿದೆ. ಅದಕ್ಕೇ ಇದನ್ನು ಬರೆದು ಡ್ರೈವರ್ ಯಜ್ಞೇಶನ ಹತ್ತಿರ ನಿಮ್ಮ ಆಫೀಸಿಗೆ ಕಳಿಸುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ತಪ್ಪಿದ್ದರೆ ಬೇಸರ ಮಾಡಬೇಡಿ.

ಮಿಲಿಟರಿಯವರು ಬೇಡವೆಂದು ಮಾರಿದ ಹಳೇ ರೈಫಲ್, ಖಾಲಿ ತೋಟಾಗಳನ್ನೆಲ್ಲ ಧಣಿ ಕೂಡಿಸಿ ನೆಂಟರನ್ನು ಕೂರಿಸುವ ಮಜ್ಲಿಸ್‌ನಲ್ಲಿ ಇಟ್ಟಿರುವುದು ನಿಮಗೆ ಗೊತ್ತುಂಟಲ್ಲ. ಅವನ್ನು ಒರೆಸಿ ಎಣ್ಣೆ ಹಾಕುವುದೇ ನನ್ನ ಕೆಲಸ. ನಿನ್ನೆ ಆಯುಧ ಪೂಜೆ. ಊರಲ್ಲಾದರೆ ಕತ್ತಿ, ಸ್ಕೂಟರನ್ನೂ ಬಿಡುವುದಿಲ್ಲ. ನನಗೆ ಅನ್ನ ಕೊಡುವುದು ಈ ಕೋವಿಗಳೇ ಅಲ್ವಾ ಸರ್? ಕುಂಕುಮ ಇಟ್ಟು, ಲಿಂಬೆಹಣ್ಣು ಕತ್ತರಿಸಿ ಕೆಳಗಿಟ್ಟು ಕೈಮುಗಿದೆ. ಒರೆಸಿ ತೆಗೆಯುವ ಮೊದಲೇ ಧಣಿಯ ತಾಯಿ ಬಂದು ನೋಡಿ ಚೀರಿಕೊಂಡರು. ನಾನು ಮನೆಗೆ ಮಾಟ ಮಾಡಿದ್ದೇನಂತೆ.

"ಬಾಯಲ್ಲಿ ಏನು ಮಣಮಣ ಅಂತಿದ್ದೆ?" ಎಂದು ಧಣಿ ಕೇಳಿದರು. ಹೆದರಿಕೆಗೆ ನನಗೆ ಬರುವ ಅರಬಿಯಲ್ಲಿ "ಮಾಫಿ, ಮಾಫಿ", ಏನೂ ಇಲ್ಲ, ಅಂದುಬಿಟ್ಟೆ. ಹಾಗೆಂದದ್ದೇ ತಪ್ಪಾಯಿತು, ಸಂಶಯ ಹೆಚ್ಚಾಯಿತು.

ಇವತ್ತು ಸಂಜೆ ಪೊಲೀಸರನ್ನು ಕರೆಸುತ್ತಾರಂತೆ. ನಿಮಗೆ ಅರಬಿ ಬರುತ್ತದೆ, ನಿಮ್ಮ ಮಾತು ಅವರು ಕೇಳುತ್ತಾರೆ. ದಯವಿಟ್ಟು ಅದಕ್ಕೆ ಮೊದಲೇ ಬನ್ನಿ. ಹೋದ ವರ್ಷ ನೀವೂ ಆಫೀಸಿನ ಕಂಪ್ಯೂಟರಿಗೆ ಕುಂಕುಮ ಇಟ್ಟದ್ದನ್ನು ಹೇಳಿದರೆ ನಂಬಿಯಾರು. ಬೇಡ ಸರ್, ಅದನ್ನು ಹೇಳಬೇಡಿ, ನಿಮಗೂ ತೊಂದರೆ ಆದೀತು.

ಕೋವಿಗಳಿಗೆ ಕೈಮುಗಿದಾಗ ನಾನು ಹೇಳಿಕೊಂಡದ್ದು ಇಷ್ಟೇ: "ದೇವರೇ, ಇವಕ್ಕೆ ಇನ್ನು ಯಾವತ್ತೂ ಕೆಲಸ ಬಾರದೆ ಇರಲಿ." ಇದೊಂದನ್ನು ಅವರ ತಾಯಿಗೂ ಕೇಳುವ ಹಾಗೆ ಅರಬಿಯಲ್ಲಿ ಹೇಳಿಬಿಡಿ.

ಗೇಟಿನ ಕಡೆಗೇ ಕಣ್ಣಿಟ್ಟಿರುವ,
ದೇಜಪ್ಪ
ಅಲ್ ಹಿಲಾಲ್ ಮನೆ, ಹಿಂದಿನ ರೂಮು