ಐದನೆಯ ಸುರಂಗದ ಹಸಿರು ದೀಪಗಳು

ನೆಲದಡಿಗೆ ಇಳಿದ ತೊಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ.

ಮೊದಲ ಸಂವೇದಕಗಳನ್ನು ಇದೀಗ ನೆಡುತ್ತಿರುವ ಹಿರಿಯರಿಗೆ,

ಈ ದಿನ ನಿಮ್ಮ ಕಾಲದ ಪಂಚಾಂಗದಲ್ಲಿ ಸಿಗುವುದಿಲ್ಲ. ನಮ್ಮ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ನಾವಿರುವುದು ಕೃಷ್ಣೆಯ ದಂಡೆಯ ಹಳೆಯ ಗಣಿಯೊಂದರಲ್ಲಿ. ಮೇಲೆ ವರ್ಷದ ಎಂಟು ತಿಂಗಳು ಬಿಸಿಲಿಗೆ ಮನುಷ್ಯ ನಿಲ್ಲಲಾರ. ಸುರಂಗಗಳ ಉದ್ದಕ್ಕೂ ಮನೆಗಳಿವೆ. ಒಂದು ಮನೆಯಲ್ಲಿ ರೊಟ್ಟಿ ಬಡಿದರೆ ಹತ್ತು ಮನೆಗೆ ಕೇಳಿಸುತ್ತದೆ. ಕನ್ನಡಿಗಳಿಂದ ಬೆಳಕು ಇಳಿಸಿಕೊಂಡು ಮೆಂತ್ಯ, ಪುಂಡಿಪಲ್ಯ ಬೆಳೆಯುತ್ತೇವೆ. ಇಲ್ಲಿ ಹೆದರಬೇಕಾದದ್ದು ಕೆಟ್ಟ ಗಾಳಿಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಅದನ್ನು ಪತ್ತೆಹಚ್ಚಲು ಗೋಡೆಗಳಲ್ಲಿ ಅವರೆಕಾಳಿನಷ್ಟು ದೊಡ್ಡ ಸಂವೇದಕಗಳಿವೆ. ಉಸಿರುಗಣ್ಣು ಎನ್ನುತ್ತೇವೆ. ತಂತಿಯಿಲ್ಲದೆ ಒಂದೊಂದೂ ತನ್ನ ಅಳತೆಯನ್ನು ಪಕ್ಕದ್ದಕ್ಕೆ ದಾಟಿಸುತ್ತದೆ. ಹೀಗೆ ಕೈದಾಟಿ ಬಂದ ಸುದ್ದಿ ನನ್ನ ಕೋಣೆಯ ಹಲಗೆಯ ಮೇಲೆ ಹಸಿರು ಅಥವಾ ಕೆಂಪು ದೀಪವಾಗುತ್ತದೆ. ಹಲಗೆ ಕಾಯುವುದು ನನ್ನ ಕೆಲಸವಾಗಿತ್ತು. ಖಾಜಾಸಾಬರದು ಗಾಳಿ ಅಳೆಯುವ ಕೈಮೀಟರು ಹಿಡಿದು ಸುರಂಗಗಳಲ್ಲಿ ನಡೆದು, ಕಣ್ಣುಗಳು ಹೇಳುವುದು ನಿಜವೇ ಎಂದು ನೋಡುವ ಕೆಲಸ. ಹನ್ನೊಂದು ವರ್ಷ ಒಂದೂ ತಪ್ಪು ಸಿಗಲಿಲ್ಲವೆಂದು ಪಂಚರು ಆ ನಡಿಗೆ ನಿಲ್ಲಿಸಿದರು. ಒಪ್ಪಿ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು.

ಮರುವರ್ಷ ಒಂದು ಬೆಳಿಗ್ಗೆ ಖಾಜಾಸಾಬರು ನನ್ನ ಕೋಣೆಗೆ ಬಂದರು. ಅವರ ಮನೆ ಐದನೆಯ ಸುರಂಗದಲ್ಲಿತ್ತು. ನಾಲ್ಕು ದಿನದಿಂದ ಹೆಂಡತಿಗೆ ತಲೆನೋವು, ನೆರೆಮನೆಯ ಕೂಸು ಕುಡಿದ ಹಾಲೆಲ್ಲ ಕಾರುತ್ತಿದೆ ಎಂದರು. ನಾನು ಹಲಗೆ ತೋರಿಸಿದೆ. ಐದನೆಯ ಸಾಲು ಪೂರ್ತಿ ಹಸಿರು.

"ಹಲಗಿ ಹಸರ ಅದ, ಖರೆ. ಒಂದ್ಸಲ ನನ್ನ ಕೂಡ ನಡದು ನೋಡು ನೀಲವ್ವ," ಎಂದರು.

"ಹಲಗಿ ಸುಳ್ಳ ಹೇಳಂಗಿಲ್ಲ ಕಾಕಾ," ಎಂದೆ.

ಅವರು ಮೂಲೆಯಲ್ಲಿ ಧೂಳು ಹಿಡಿದಿದ್ದ ಕೈಮೀಟರು ಎತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಗದ್ದಲ ಕೇಳಿಸಿತು. ಖಾಜಾಸಾಬರು ಬಾಗಿಲು ಬಾಗಿಲು ಬಡಿದು ಜನರನ್ನು ಹೊರಡಿಸುತ್ತಿದ್ದರು. ಮುನ್ನೂರು ಜನ ಮೇಲೆ ಬಂದರು. ಇಪ್ಪತ್ತಾರು ಜನ ಬರಲಿಲ್ಲ. ಅವರನ್ನು ಕರೆಯಲು ಕೊನೆಯ ಸಾಲಿಗೆ ಹೋದ ಖಾಜಾಸಾಬರೂ ಬರಲಿಲ್ಲ. ಹೆಣಗಳನ್ನು ನನ್ನ ಬಾಗಿಲ ಮುಂದೆಯೇ ಹೊತ್ತೊಯ್ದರು. ಆಗಲೂ ಐದನೆಯ ಸಾಲು ಹಸಿರಾಗಿಯೇ ಇತ್ತು.

ಆಮೇಲೆ ಹುಡುಕಿದೆವು. ಗಾಳಿಕೊಳವೆಯಲ್ಲಿ ಯಾರೋ ಬಟ್ಟೆ ತುರುಕಿದ್ದರು. ಸುರಂಗದ ಬಾಯಲ್ಲಿ ನಾವು ನೆಡದ ಕಣ್ಣೊಂದು ಸಿಕ್ಕಿತು. ಅದು ಉಳಿದ ಕಣ್ಣುಗಳಿಗೆ, ‘ಹಲಗೆಗೆ ನಾನೇ ಹತ್ತಿರ, ಸುದ್ದಿಯೆಲ್ಲ ನನ್ನ ಮೂಲಕ ಕಳಿಸಿ’ ಎಂದು ಹೇಳಿತ್ತು. ಅವು ನಂಬಿದವು. ಕೆಟ್ಟ ಸುದ್ದಿಯನ್ನು ನುಂಗಿ, ಯಾವುದೋ ಒಳ್ಳೆಯ ದಿನದ ಹಳೆಯ ಅಳತೆಗಳನ್ನೇ ಅದು ನನಗೆ ಕಳಿಸುತ್ತಿತ್ತು. ಕಣ್ಣುಗಳು ಒಂದನ್ನೊಂದು ಗುರುತಿಸುವ ಗುಟ್ಟಿನ ಪದ ಎಲ್ಲಕ್ಕೂ ಒಂದೇ ಆಗಿತ್ತು. ತಯಾರಾಗುವಾಗ, ನಿಮ್ಮ ಕಾಲದಲ್ಲಿ, ಇಟ್ಟ ಪದ. ಯಾರೂ ಬದಲಿಸಿರಲಿಲ್ಲ. ಒಂದು ಕಣ್ಣನ್ನು ಕಿತ್ತು ಬಿಚ್ಚಿ ನೋಡಿದವನಿಗೆ ಎಲ್ಲವೂ ಕೈವಶವಾದಂತೆ. ಅವನು ಯಾರೆಂದು ಇವತ್ತಿಗೂ ತಿಳಿದಿಲ್ಲ. ನಮ್ಮ ಪಂಕ್ತಿಯಲ್ಲೇ ಕೂತು ಉಣ್ಣುತ್ತಿರಬಹುದು.

ಸಾವಿನ ನಲವತ್ತನೆಯ ದಿನ ಖಾಜಾಸಾಬರ ಹೆಂಡತಿ ಬೇಗಂಬಿ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ಕೂತಿದ್ದೆ. ಅವರು ಕೈಮೀಟರನ್ನು ನನ್ನ ಮಡಿಲಲ್ಲಿಟ್ಟರು.

"ಇನ್ನ ನೀ ನಡಿ," ಎಂದರು, ಅಷ್ಟೇ.

ಮೂವತ್ತು ವರ್ಷದಿಂದ ನಡೆಯುತ್ತಿದ್ದೇನೆ. ಈಗ ಒಂದೊಂದು ಕಣ್ಣಿಗೂ ಅದರದೇ ಪದವಿದೆ, ಪ್ರತಿ ಅಮಾವಾಸ್ಯೆಗೆ ಬದಲಿಸುತ್ತೇವೆ. ಒಂದೇ ದಾರಿಯಲ್ಲಿ ಬಂದ ಸುದ್ದಿಯನ್ನು ನಂಬುವುದಿಲ್ಲ. ನೀವೂ ಹಾಗೆಯೇ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ. ಪದ ಬದಲಿಸಲು ದಾರಿ ಬಿಡಿ. ನಡೆದು ನೋಡುವ ಒಬ್ಬರನ್ನಾದರೂ ಉಳಿಸಿಕೊಳ್ಳಿ. ಏನೂ ಸಿಗಲಿಲ್ಲವೆಂದು ಅವರನ್ನು ಮನೆಗೆ ಕಳಿಸಬೇಡಿ.

ಇಷ್ಟು ಮಾಡಿದರೆ ಸಾಕೆಂದು ಬರೆಯಬೇಕೆಂದಿದ್ದೆ. ಆದರೆ ಇಂದು ಬೆಳಿಗ್ಗೆ ಮೂರನೆಯ ಸುರಂಗದಲ್ಲಿ ನಾವು ನೆಟ್ಟದ್ದಕ್ಕಿಂತ ಒಂದು ಕಣ್ಣು ಹೆಚ್ಚಿಗೆ ಉತ್ತರಿಸಿತು. ಕೇಳಿದಾಗ ನಮ್ಮ ಪಟ್ಟಿಯಲ್ಲಿದ್ದ ಪದವೊಂದನ್ನೇ ಹೇಳಿತು. ಈ ಅಮಾವಾಸ್ಯೆಯ ಪದಗಳ ಪಟ್ಟಿಯನ್ನು ಕಂಡವರು ಪದ ಬದಲಿಸುವ ನಾವು ಮೂವರೇ. ಉಳಿದಿಬ್ಬರಿಗೆ ಹೇಳದೆ, ಅಲ್ಲಿಯ ಜನರನ್ನು ಹೊರಡಿಸಲು ಇಳಿಯುತ್ತಿದ್ದೇನೆ.

ನಿಮ್ಮ,
ನೀಲಗಂಗಾ